ನರಿಗೊಂದು ಈಡು: ಬೆಳೆಗಾವಲಿನ ಕೋವಿ ಮತ್ತು ಚರೆಯ ಆಯ್ಕೆಯ ಚರಿತ್ರೆ

ಕನ್ನಡನಾಡಿನ ಬೇಟೆಯ ಚರಿತ್ರೆಯನ್ನು ಬರೆದವರು ಅರಸರ ಮತ್ತು ವೀರರ ಬೇಟೆಗೆ ಹೆಚ್ಚಿನ ಗಮನ ನೀಡಿದ್ದಾರೆ. ಕ್ರಿ.ಶ. 949-50ರ ಆತಕೂರಿನ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಮುಂದಿನ ಶತಮಾನಗಳ ಕಾವ್ಯಗಳು ಬೇಟೆಯ ವರ್ಣನೆಯನ್ನು ಒಂದು ಕಡ್ಡಾಯ ಅಂಗವಾಗಿಯೇ ಉಳಿಸಿಕೊಂಡವು. ಆದರೆ ಗದ್ದೆ ತೋಟಗಳ ಅಂಚಿನಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಬೆಳೆ ಕಾದ ಒಕ್ಕಲಿಗನ ಕೋವಿಗೆ ಈ ಚರಿತ್ರೆಯಲ್ಲಿ ದೊರೆತ ಸ್ಥಳ ತೀರ ಕಡಿಮೆ. ಅವನದು ಪರಾಕ್ರಮದ ಬೇಟೆಯಲ್ಲ, ಕಾವಲು. ಕಾವಲಿಗೆ ವೀರಗಲ್ಲು ನೆಡುವ ವಾಡಿಕೆ ಇರಲಿಲ್ಲ.

ಪ್ರಸ್ತುತ ಲೇಖನವು ಎತ್ತಿಕೊಳ್ಳುವ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ನರಿಯಂತಹ ಸಣ್ಣ ಪ್ರಾಣಿ ಕೋಳಿಗೂಡಿಗೋ ಕಬ್ಬಿನ ಗದ್ದೆಗೋ ಬಂದಾಗ ಕೋವಿಗೆ ಏನನ್ನು ತುಂಬಬೇಕು? ಬರಿಮದ್ದನ್ನೆ, ಸಣ್ಣ ಚರೆಯನ್ನೆ, ದಪ್ಪ ಚರೆಯನ್ನೆ ಅಥವಾ ಒಂಟಿ ಗುಂಡನ್ನೆ? ಇದು ಕೇವಲ ಆಯುಧದ ಲೆಕ್ಕಾಚಾರವಲ್ಲ. ಓಡಿಸುವುದೋ ಕೊಲ್ಲುವುದೋ ಎಂಬ ತೀರ್ಮಾನವೇ ಈ ಆಯ್ಕೆಯಲ್ಲಿ ಅಡಗಿದೆ. ಆ ತೀರ್ಮಾನವು ಒಕ್ಕಲಿಗನ ಕೈಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಕಾನೂನಿಗೆ ದಾಟಿದ ಬಗೆಯನ್ನು ಮಲೆನಾಡು ಮತ್ತು ಕೊಡಗುಗಳನ್ನು ಮುಖ್ಯ ನೆಲೆಯಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ನರಿ ಎಂಬ ಹೆಸರು

ಮೊದಲಿಗೆ ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ನರಿ ಎಂಬ ಒಂದೇ ಪದ ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಒಂದು, ಸಂಜೆಯಾಗುತ್ತಲೇ ಗುಂಪಾಗಿ ಊಳಿಡುವ, 8ರಿಂದ 11 ಕಿಲೋ ತೂಗುವ ಪ್ರಾಣಿ. ಮಲೆನಾಡಿನ ತೋಟಗಳಿಂದ ಬಯಲುಸೀಮೆಯ ಕಬ್ಬಿನ ಗದ್ದೆಗಳವರೆಗೆ ಎಲ್ಲೆಡೆ ಇರುವುದು ಇದೇ. ಇನ್ನೊಂದು, ಬಯಲುಸೀಮೆಯ ಕುರುಚಲು ನೆಲದಲ್ಲಿ ಬಿಲ ತೋಡಿ ಬದುಕುವ, 2ರಿಂದ 4 ಕಿಲೋ ಮಾತ್ರ ತೂಗುವ, ತುದಿ ಕಪ್ಪಾದ ಪೊದೆಬಾಲದ ಪ್ರಾಣಿ. 19ನೆಯ ಶತಮಾನದ ಪ್ರಾಣಿಶಾಸ್ತ್ರಜ್ಞರು ಈ ಎರಡನೆಯದಕ್ಕೆ ಕೊಂಕ, ಕೆಂಪುನರಿ, ಚಂದಕನರಿ ಎಂಬ ಕನ್ನಡ ಹೆಸರುಗಳನ್ನು ದಾಖಲಿಸಿದ್ದಾರೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ ಸಸ್ತನಿಗಳ ಪಟ್ಟಿ ಈ ದಿಕ್ಕಿನಲ್ಲಿ ಒಂದು ಮುಖ್ಯ ಆಕರವಾಗಿದೆ. ಗುಳ್ಳೆನರಿ ಎಂಬ ಹೆಸರಂತೂ ಒಂದು ಸೀಮೆಯಲ್ಲಿ ಇದಕ್ಕೆ, ಇನ್ನೊಂದು ಸೀಮೆಯಲ್ಲಿ ಅದಕ್ಕೆ ಬಳಕೆಯಾಗುತ್ತದೆ.

ಕೊಡಗಿಗೆ ಹೋದರೆ ತೊಡಕು ಇನ್ನೂ ಹೆಚ್ಚುತ್ತದೆ. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಹುಲಿಯನ್ನು ಕೊಂದವನನ್ನು ಮದುಮಗನಂತೆ ಅಲಂಕರಿಸಿ ಗೌರವಿಸುತ್ತಿದ್ದ ಆಚರಣೆಗೆ ನರಿಮಂಗಲ ಎಂದೇ ಹೆಸರು. ಗಟ್ಟದ ಒಂದು ಮಗ್ಗುಲಲ್ಲಿ ಮದುವೆಯ ಮರ್ಯಾದೆ ತರುವ ಹೆಸರು, ಇನ್ನೊಂದು ಮಗ್ಗುಲಲ್ಲಿ ಕೋಳಿಕಳ್ಳನದು. ಯಾವ ಪ್ರಾಣಿಗೆ ಯಾವ ಈಡು ಎಂಬ ಚರ್ಚೆಗೆ ತೊಡಗುವ ಸಂಶೋಧಕನು ವಕ್ತೃವಿನ ಬಾಯಲ್ಲಿ ಬರುವ ನರಿ ಯಾವುದೆಂದು ಮೊದಲು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಕಳ್ಳನೂ ಹೌದು, ಶುಭವೂ ಹೌದು

ನರಿಯಿಂದ ಆಗುವ ನಷ್ಟ ಕಾಲ್ಪನಿಕವಲ್ಲ. ಕೋಳಿ, ಆಡು ಕುರಿಗಳ ಮರಿ, ಕಬ್ಬು, ಕಡಲೆಕಾಯಿ, ಕಲ್ಲಂಗಡಿ ಇವೆಲ್ಲವೂ ಅದರ ಆಹಾರದಲ್ಲಿ ಸೇರಿವೆ. ಮಾಗಿದ ಕಾಫಿಹಣ್ಣನ್ನು ನರಿ ತಿನ್ನುತ್ತದೆ ಎಂಬುದನ್ನು 19ನೆಯ ಶತಮಾನದ ಬರೆಹಗಾರರು ವಯನಾಡಿನ ತೋಟಗಳನ್ನು ಕುರಿತು ಹೇಳುವಾಗಲೇ ಉಲ್ಲೇಖಿಸಿದ್ದಾರೆ. ಅದೇ ವೇಳೆ ಇಲಿ, ಹೆಗ್ಗಣ, ಏಡಿ, ಗೆದ್ದಲುಗಳನ್ನು ತಿಂದು ಬೆಳೆಗೆ ಉಪಕಾರ ಮಾಡುವುದೂ ಈ ಪ್ರಾಣಿಯೇ. ಕಬ್ಬಿನ ಗದ್ದೆಗೆ ನರಿ ಬರುವುದು ಕಬ್ಬಿಗಾಗಿ ಮಾತ್ರವಲ್ಲ, ಅಲ್ಲಿ ಬಿಲ ಮಾಡಿಕೊಂಡ ಇಲಿಗಾಗಿಯೂ ಹೌದು.

ಜನಪದರ ನಂಬಿಕೆಯಲ್ಲಿಯೂ ಇದೇ ಇಬ್ಬಗೆ ಕಂಡುಬರುತ್ತದೆ. ಕಥೆಗಳಲ್ಲಿ ನರಿ ಮೋಸಗಾರ. ಗಾದೆಯಲ್ಲಿ ಅದರ ಕೂಗು ಗಿರಿಯನ್ನು ಮುಟ್ಟುವುದಿಲ್ಲ. ಆದರೆ ಅನಿರೀಕ್ಷಿತವಾಗಿ ಲಾಭ ಪಡೆದವನನ್ನು ಕುರಿತು ‘ನರಿ ಮುಖ ನೋಡಿ ಎದ್ದಿರಬೇಕು’ ಎನ್ನುತ್ತಾರೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಭಾಗದ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯಂದು ನರಿಯನ್ನು ಬಲೆಯಿಂದ ಹಿಡಿದು ತಂದು, ಊರವರೆಲ್ಲ ಅದರ ಮುಖ ನೋಡಿ, ಮರಳಿ ಬಿಡುವ ಆಚರಣೆ ಇತ್ತು. ಹಿಡಿಯುವುದು, ಓಡಿಸುವುದು ಪ್ರಾಣಿಗೆ ಹಿಂಸೆಯೇ ಆದುದರಿಂದ ಅರಣ್ಯ ಇಲಾಖೆ ಇದನ್ನು ತಡೆಯುತ್ತ ಬಂದಿದೆ. ಆದರೆ ಆಚರಣೆಯ ಒಳಗಣ ನಿಯಮವನ್ನು ಗಮನಿಸಬೇಕು. ಹಿಡಿದ ನರಿಯನ್ನು ಕೊಲ್ಲುವಂತಿಲ್ಲ. ಕಳ್ಳನೆಂದು ಬೈದ ಪ್ರಾಣಿಯನ್ನೇ ಶುಭವೆಂದು ನೋಡುವ ಈ ಮನೋಭಾವವನ್ನು ಬಿಟ್ಟು ಕೋವಿಯ ಈಡಿನ ಆಯ್ಕೆಯನ್ನು ಅರ್ಥಮಾಡಿಕೊಳ್ಳಲಾಗದು.

ಕೇಪಿನ ಕೋವಿ: ಸಂಜೆಯ ತೀರ್ಮಾನ

ಕೋವಿ ಬರುವ ಮುನ್ನ ಕಾವಲಿನ ಸಾಧನಗಳು ಕವಣೆ, ತಮಟೆ, ಬೆಂಕಿ, ಬೆರ್ಚಪ್ಪ, ನಾಯಿ ಮತ್ತು ಮನುಷ್ಯನ ಗಂಟಲು. ಇವೆಲ್ಲವುಗಳ ಉದ್ದೇಶ ಪ್ರಾಣಿಯನ್ನು ದೂರವಿಡುವುದೇ. ಕೋವಿಯು ಈ ಸಾಲಿಗೆ ಸೇರಿದಾಗ ಮೊದಮೊದಲು ಅದೂ ಒಂದು ದೊಡ್ಡ ತಮಟೆಯೇ ಆಗಿತ್ತು ಎಂದರೆ ತಪ್ಪಾಗಲಾರದು.

19ನೆಯ ಶತಮಾನದ ಮೊದಲ ದಶಕಗಳಲ್ಲಿ ಯೂರೋಪಿನಲ್ಲಿ ತಾಮ್ರದ ಕೇಪು ಬಳಕೆಗೆ ಬಂದ ಮೇಲೆ, ಬತ್ತಿಯ ಕೋವಿಯ ಜಾಗಕ್ಕೆ ಕೇಪಿನ ಕೋವಿ ಕ್ರಮೇಣ ಬಂದಿತು. ಮಲೆನಾಡಿನಲ್ಲಿ ಇದನ್ನು ನಾಡಕೋವಿ ಎಂದೂ ಕರೆಯುತ್ತಾರೆ. ಇದನ್ನು ತುಂಬುವ ಕ್ರಮ ಹೀಗಿದೆ: ನಳಿಗೆಯ ಬಾಯಿಂದ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ನಾರು ಅಥವಾ ಚಿಂದಿಯ ಉಂಡೆಯನ್ನು ಇಟ್ಟು ಗಜಕೋಲಿನಿಂದ ಇಡಿಯಬೇಕು. ಆಮೇಲೆ ಚರೆ ಅಥವಾ ಗುಂಡು, ಅದು ಜಾರದಂತೆ ಮೇಲೊಂದು ತೆಳುವಾದ ಉಂಡೆ. ಕೊನೆಗೆ ಕುದುರೆಯ ಕೆಳಗೆ ಕೇಪು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾದ ಕರಿಮದ್ದಿನ ಅಳತೆಯಾಗಲಿ, ಚರೆಯ ಅಳತೆಯಾಗಲಿ ತುಂಬುವವನ ಕೈಯಲ್ಲಿತ್ತು. ಹೀಗೆ ಒಂದು ಸಲಕ್ಕೆ ತುಂಬಿದ ಮದ್ದು-ಚರೆಗಳ ಒಟ್ಟು ಪ್ರಮಾಣಕ್ಕೆ, ಅದನ್ನು ಹಾರಿಸಿದ ಕ್ರಿಯೆಗೆ ಮತ್ತು ಅದರ ಸದ್ದಿಗೆ ಮಲೆನಾಡಿಗರು ಬಳಸುವ ಪದ ಒಂದೇ, ಈಡು. ತುಂಬಿದ್ದೂ ಈಡು, ಹೊಡೆದದ್ದೂ ಈಡು, ಕೇಳಿಸಿದ್ದೂ ಈಡು.

ಈ ಕೋವಿಯ ಒಂದು ಗುಣವನ್ನು ವಿಶೇಷವಾಗಿ ಗುರುತಿಸಬೇಕು. ಒಮ್ಮೆ ತುಂಬಿದರೆ ಹಾರಿಸದೆ ಖಾಲಿ ಮಾಡುವುದು ಸುಲಭವಲ್ಲ. ಆದುದರಿಂದ ಅಟ್ಟಣೆ ಏರುವ ಮುನ್ನ, ಸಂಜೆಯ ಬೆಳಕಿನಲ್ಲಿ, ಯಾವ ಪ್ರಾಣಿ ಬರುತ್ತದೆಂದು ತಿಳಿಯುವ ಮೊದಲೇ ಈಡನ್ನು ಆರಿಸಿಕೊಳ್ಳಬೇಕಾಗಿತ್ತು. ಹಂದಿಗೆಂದು ಗುಂಡು ತುಂಬಿದವನ ಮುಂದೆ ನರಿ ಬರಬಹುದು. ಕಾಡುಕೋಳಿಗೆಂದು ಸಣ್ಣ ಚರೆ ತುಂಬಿದವನ ಮುಂದೆ ಹಂದಿ ಬರಬಹುದು. ಜೋಡುನಳಿಗೆ ಇದ್ದವರು ಒಂದಕ್ಕೆ ಚರೆ, ಇನ್ನೊಂದಕ್ಕೆ ಗುಂಡು ತುಂಬಿ ಈ ಇಕ್ಕಟ್ಟನ್ನು ಅರ್ಧ ಪರಿಹರಿಸಿಕೊಂಡರು. ಒಂಟಿನಳಿಗೆಯವರಿಗೆ ಆ ಅನುಕೂಲ ಇರಲಿಲ್ಲ.

ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ ಎಪ್ಪತ್ತು ದಾಟಿದ ಹಿರಿಯ ವಕ್ತೃವೊಬ್ಬರು ತಮ್ಮ ಯೌವನದ ಒಂದು ರಾತ್ರಿಯನ್ನು ವಿವರಿಸಿದರು. ಆ ದಿನ ಅವರು ಕೋವಿಗೆ ತುಂಬಿದ್ದುದು ಹಕ್ಕಿಚರೆ. ಕೋಳಿಗೂಡಿನ ಕಡೆಯಿಂದ ಗದ್ದೆಯಂಚಿಗೆ ಇಳಿದ ನರಿಯ ಮೇಲೆ ದೂರದಿಂದಲೇ ಈಡು ಹೊಡೆದರು. ನರಿ ಒಮ್ಮೆ ಉರುಳಿ, ಎದ್ದು ಓಡಿಹೋಯಿತು. ಮೂರನೆಯ ದಿನ ಕಾಗೆಗಳ ಕೂಗು ಕೇಳಿ ಹಳ್ಳದ ಬಳಿಗೆ ಹೋದಾಗ ಅದು ಅಲ್ಲಿ ಬಿದ್ದಿತ್ತು, ಇನ್ನೂ ಜೀವವಿತ್ತು. ಅವರ ತಂದೆ ಬೈಯಲಿಲ್ಲವಂತೆ. ಕತ್ತಿಯಿಂದ ಅದರ ಕಷ್ಟವನ್ನು ಮುಗಿಸಿ, ಮಗನಿಗೆ ಒಂದು ಮಾತು ಹೇಳಿದರಂತೆ: ‘ಕೊಲ್ಲೋದಾದ್ರೆ ಕೊಲ್ಬೇಕು, ಓಡ್ಸೋದಾದ್ರೆ ಓಡಿಸ್ಬೇಕು. ನಡುವೆ ಬಿಟ್ರೆ ಅದು ನಮ್ಮ ಲೆಕ್ಕಕ್ಕೆ ಬರ್ತದೆ ಮಾರಾಯ.’ ಅಂದಿನಿಂದ ಅವರು ಮನೆಯ ಸುತ್ತಿನ ಕಾವಲಿಗೆ ಬರಿಮದ್ದನ್ನಷ್ಟೇ ತುಂಬುತ್ತಿದ್ದರು.

ಈ ಮಾತಿನಲ್ಲಿ ಒಂದು ಪೂರ್ಣ ನೀತಿ ಇದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಇಲ್ಲಿ ‘ಲೆಕ್ಕ’ ಎಂಬುದು ಪಾಪದ ಲೆಕ್ಕವೂ ಹೌದು, ಮದ್ದು-ಚರೆಗಳ ಲೆಕ್ಕವೂ ಹೌದು. ತಪ್ಪು ಈಡು ಎಂದರೆ ಗುರಿ ತಪ್ಪಿದ ಈಡಲ್ಲ, ಗಾಯ ಮಾತ್ರ ಮಾಡುವ ಈಡು.

ತೋಟಾಕೋವಿ ಮತ್ತು ಇಂಗ್ಲಿಷ್ ಅಕ್ಷರಗಳು

19ನೆಯ ಶತಮಾನದ ನಡುಭಾಗದಿಂದ ಗಟ್ಟದ ಸೀಮೆಗೆ ಯೂರೋಪಿಯನ್ ಕಾಫಿ ಬೆಳೆಗಾರರು ಬಂದು ನೆಲೆಸಿದರು. ಮಡಿಕೇರಿಯ ಬಳಿ ಮೊದಲ ಯೂರೋಪಿಯನ್ ತೋಟ ಆರಂಭವಾದುದು 1854ರಲ್ಲಿ. ಮಂಜರಾಬಾದಿನಲ್ಲಿ ನೆಲೆಸಿದ ಆರ್.ಎಚ್. ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿ ಕೃಷಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಬೇಟೆ ಮತ್ತು ಕೃಷಿ ಒಂದೇ ಗ್ರಂಥದ ಶೀರ್ಷಿಕೆಯಲ್ಲಿ ಸೇರಿದ್ದು ಆ ಕಾಲದ ತೋಟದ ಬದುಕಿಗೆ ಸಹಜವಾಗಿತ್ತು. ಇವರೊಡನೆ ಹಿಂದಿನಿಂದ ತುಂಬುವ ಕೋವಿಯೂ, ಕಾರ್ಖಾನೆಯಲ್ಲೇ ಮದ್ದು-ಚರೆ ತುಂಬಿ ಬರುವ ತೋಟಾವೂ ಬಂದವು. ಮಲೆನಾಡಿಗರು ಇದನ್ನು ತೋಟಾಕೋವಿ ಎಂದರು.

ಇದರೊಂದಿಗೆ ಅಳತೆಯ ಭಾಷೆಯೇ ಬದಲಾಯಿತು. ಕೋವಿಯ ನಳಿಗೆಯನ್ನು ‘12 ನಂಬರ್’ ಎಂದು ಕರೆಯುವುದರ ಹಿಂದೆ ಹಳೆಯದೊಂದು ಲೆಕ್ಕವಿದೆ. ಒಂದು ಪೌಂಡು ಸೀಸದಿಂದ ಸಮಗಾತ್ರದ 12 ಗುಂಡುಗಳನ್ನು ಎರೆದರೆ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಅದು, ಸುಮಾರು 18.5 ಮಿಲಿಮೀಟರ್. ಚರೆಯ ಗಾತ್ರಕ್ಕೆ ಅಕ್ಷರ ಮತ್ತು ಅಂಕಿಗಳ ಇಂಗ್ಲಿಷ್ ಪದ್ಧತಿ ರೂಢಿಗೆ ಬಂದಿತು. ಕರಗಿದ ಸೀಸವನ್ನು ಎತ್ತರದಿಂದ ಜಾಲರಿಯ ಮೂಲಕ ನೀರಿಗೆ ಬೀಳಿಸಿ ದುಂಡಾದ ಚರೆ ಪಡೆಯುವ ವಿಧಾನಕ್ಕೆ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ 1782ರಲ್ಲಿ ಹಕ್ಕುಪತ್ರ ಪಡೆದಿದ್ದನು. ಏಕರೂಪದ ಚರೆ ಸಿಗತೊಡಗಿದ ಮೇಲೆ ಅದನ್ನು ಗಾತ್ರದಂತೆ ವಿಂಗಡಿಸಿ ಹೆಸರಿಡುವುದು ಸುಲಭವಾಯಿತು. ಈ ಪದ್ಧತಿಯಲ್ಲಿ ಎಲ್.ಜಿ. ಚರೆಯ ವ್ಯಾಸ ಸುಮಾರು 9.1 ಮಿಲಿಮೀಟರ್, ಒಂದು ಔನ್ಸಿಗೆ ಆರು ಕಾಳು. ಎಸ್.ಜಿ. 8.4 ಮಿಲಿಮೀಟರ್, ಎಂಟು ಕಾಳು. ಬಿ.ಬಿ. ಸುಮಾರು 4.1 ಮಿಲಿಮೀಟರ್, 70 ಕಾಳು. ಹಕ್ಕಿಗಳಿಗೆ ಬಳಸುವ 6 ನಂಬರ್ 2.6 ಮಿಲಿಮೀಟರ್, 270 ಕಾಳು. ಸ್ವಾತಂತ್ರ್ಯಾನಂತರ ಪುಣೆಯ ಸಮೀಪದ ಖಡಕಿಯ ಸರ್ಕಾರಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾಗಳ ಮೇಲೂ ಇವೇ ಅಕ್ಷರ, ಅಂಕಿಗಳು ಮುಂದುವರಿದವು. ಇಂಗ್ಲಿಷ್ ಓದಲು ಬಾರದ ಒಕ್ಕಲಿಗನ ಬಾಯಲ್ಲೂ ‘ಎಲ್ಜಿ’, ‘ಬೀಬಿ’ ಎಂಬವು ಕನ್ನಡದ ಪದಗಳಾಗಿ ಹೋದವು.

ಈ ಪಟ್ಟಿಯಲ್ಲಿ ನರಿಯ ಸ್ಥಾನ ಯಾವುದು? ಇಲ್ಲಿಯೇ ಸಮಸ್ಯೆ ಇರುವುದು. ಎಲ್.ಜಿ. ಅಥವಾ ಎಸ್.ಜಿ.ಯ ಒಂದೊಂದು ಕಾಳೂ ಬಲವಾದುದು, ಆದರೆ ಕಾಳುಗಳ ಸಂಖ್ಯೆ ಕಡಿಮೆ. ದೂರ ಹೋದಂತೆ ಕಾಳುಗಳ ನಡುವಿನ ತೆರಪು ಹೆಚ್ಚಿ, ನರಿಯಂತಹ ಸಣ್ಣ ಮೈಯ ಪ್ರಾಣಿ ಆ ತೆರಪಿನಲ್ಲಿಯೇ ಉಳಿದುಬಿಡಬಹುದು, ಇಲ್ಲವೆ ಒಂದೇ ಕಾಳು ಹೊಟ್ಟೆಗೋ ಕಾಲಿಗೋ ತಗಲಬಹುದು. 6 ನಂಬರ್ ಚರೆಯಲ್ಲಿ ಕಾಳುಗಳು ಹೇರಳ, ಆದರೆ ಒಂದೊಂದರ ಬಲ ಅಲ್ಪ. ತೊಗಲನ್ನು ದಾಟಿ ಒಳಗೆ ಇಳಿಯದೆ ಅದು ಗಾಯವನ್ನಷ್ಟೇ ಮಾಡುತ್ತದೆ. ಆದ್ದರಿಂದ ಅನುಭವಿಗಳು ನರಿಯ ಗಾತ್ರದ ಪ್ರಾಣಿಗೆ ಇವೆರಡರ ನಡುವಿನ ಬಿ.ಬಿ.ಯಂತಹ ಚರೆಯನ್ನು, ಅದನ್ನೂ 30-35 ಗಜದ ಒಳಗೆ ಮಾತ್ರ ಸೂಕ್ತವೆಂದು ಪರಿಗಣಿಸಿದರು. ಚರೆಯಷ್ಟೇ ಮುಖ್ಯವಾದುದು ದೂರದ ಅಂದಾಜು. ಕತ್ತಲಲ್ಲಿ ಹೊಳೆಯುವ ಕಣ್ಣುಗಳನ್ನು ನೋಡಿ ದೂರವನ್ನು ಅಳೆಯುವುದು ಎಷ್ಟು ಕಷ್ಟವೆಂಬುದನ್ನು ಕಾವಲು ಕಾದ ಯಾರೂ ಬಲ್ಲರು.

ತೋಟಾಕೋವಿಯಿಂದ ಒಂದು ಅನುಕೂಲವಾಯಿತು. ಪ್ರಾಣಿಯನ್ನು ಕಂಡ ಮೇಲೂ ಈಡನ್ನು ಬದಲಿಸಬಹುದಾಯಿತು. ಆದರೆ ಒಂದು ನಷ್ಟವೂ ಆಯಿತು. ಅಂಗಡಿಯಲ್ಲಿ ದೊರೆತ ತೋಟಾವೇ ಈಡಾಯಿತು. ಹಂದಿಗೆಂದು ಕೊಂಡ ಎಲ್.ಜಿ. ಒಂದೇ ಮನೆಯಲ್ಲಿದ್ದರೆ ನರಿಗೂ ಅದೇ. ಬರಿಮದ್ದಿನ ಈಡಿಗಂತೂ ಆ ಪೆಟ್ಟಿಗೆಯಲ್ಲಿ ಜಾಗವೇ ಇರಲಿಲ್ಲ. ಓಡಿಸುವ ಆಯ್ಕೆ ಹೀಗೆ ಸದ್ದಿಲ್ಲದೆ ಕೈಬಿಟ್ಟುಹೋಯಿತು.

ಈ ಅಕ್ಷರಗಳು ಬಂದ ನಾಡಿನಲ್ಲಿಯೇ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದುದನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನ ಕುಲೀನರು ನರಿಯನ್ನು ನಾಯಿಗಳಿಂದ ಅಟ್ಟಿಸಿ ಬೇಟೆಯಾಡುತ್ತಿದ್ದರು. ಅದನ್ನು ಕೋವಿಯಿಂದ ಕೊಲ್ಲುವುದು ಆ ವಲಯದಲ್ಲಿ ಅವಮಾನದ ಕೆಲಸವೆನಿಸಿತ್ತು. ಅದೇ ಅಭಿರುಚಿಯನ್ನು ನೀಲಗಿರಿಗೂ ತಂದು, ಊಟಿಯ ಬಯಲಿನಲ್ಲಿ ತಮ್ಮ ನಾಡಿನ ನರಿಯ ಬದಲು ಇಲ್ಲಿನ ನರಿಯನ್ನು ಅಟ್ಟಿದರು. ಮುಂದೆ ಬ್ರಿಟನ್ನಿನಲ್ಲಿ ನಾಯಿಬೇಟೆಯ ವಿರುದ್ಧ ಚಳವಳಿ ಬಲವಾದಾಗ ನೇಮಕವಾದ ಲಾರ್ಡ್ ಬರ್ನ್ಸ್ ಸಮಿತಿಯು 2000ದಲ್ಲಿ ವರದಿ ನೀಡಿತು. ಚರೆಕೋವಿಯ ಬಳಕೆ, ವಿಶೇಷವಾಗಿ ಹಗಲಿನಲ್ಲಿ, ಪ್ರಾಣಿಯ ಹಿತದೃಷ್ಟಿಯಿಂದ ನಾಯಿಬೇಟೆಗಿಂತ ಮೇಲೆಂದು ಹೇಳಲು ತನಗೆ ಅಷ್ಟು ವಿಶ್ವಾಸವಿಲ್ಲವೆಂದು ಅದು ತಿಳಿಸಿತು. 2004ರ ಶಾಸನವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಾಯಿಬೇಟೆಯನ್ನು ನಿಷೇಧಿಸಿ ಕೋವಿಯನ್ನು ಉಳಿಸಿತು. ಸಮಿತಿಯ ಆತಂಕವಾದರೂ ಯಾವುದು? ಗಾಯ ಮಾಡಿ ಬಿಟ್ಟುಬಿಡುವ ಈಡು. ತೀರ್ಥಹಳ್ಳಿಯ ಆ ತಂದೆ ಮಗನಿಗೆ ಹೇಳಿದ್ದು ಇದನ್ನೇ.

ಸದ್ದಿನ ಈಡು

ಬರಿಮದ್ದಿನ ಈಡು ಇಂದಿಗೂ ಗೌರವದಿಂದ ಉಳಿದಿರುವುದು ಕೊಡಗಿನಲ್ಲಿ. ಅಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು ಗುಂಡು ಹಾರಿಸುವ ಪದ್ಧತಿ ಪ್ರಸಿದ್ಧವಾದುದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಪುತ್ತರಿಯಲ್ಲಿ ಕದಿರು ತೆಗೆಯುವ ಮುಹೂರ್ತವನ್ನು ಸಾರುವುದೂ ಕೋವಿಯ ಸದ್ದೇ. ಬೆಳೆಯನ್ನು ಕಾಯ್ದ ಆಯುಧವೇ ಆ ಬೆಳೆಯ ಮೊದಲ ಕದಿರನ್ನು ಮನೆಗೆ ಕರೆತರುತ್ತದೆ. ಇಲ್ಲಿ ಈಡು ಯಾರನ್ನೂ ಕೊಲ್ಲುವುದಿಲ್ಲ, ಸುದ್ದಿಯನ್ನು ಮುಟ್ಟಿಸುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಮನೆಗಳು ಚದುರಿಹೋದ ನಾಡಿನಲ್ಲಿ ಇದರ ಅಗತ್ಯವೂ ಇತ್ತು.

ಈ ಪದ್ಧತಿಗೆ ಕಾನೂನಿನ ಬೆಂಬಲವೂ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟನು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕಾನೂನಿನ ಕೈಗೆ ಬಂದ ಆಯ್ಕೆ

ಕೊಡಗಿನ ಹೊರಗೆ ಒಕ್ಕಲಿಗನ ಕೋವಿಯು ಪರವಾನಗಿಯ ಕೋವಿ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ನೈಜ ಬೆಳೆರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಗೆ ಪರವಾನಗಿ ನೀಡುವ ವಿಚಾರವನ್ನು ಪ್ರತ್ಯೇಕವಾಗಿಯೇ ಹೇಳುತ್ತದೆ. ಅಂತಹ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೆಳೆರಕ್ಷಣೆಗೆ ಬೇರೆ ಕೋವಿ. ನಿಧಾನವಾಗಿ ತುಂಬಬೇಕಾದ, ಕೈಅಳತೆಯ ಕೋವಿಯನ್ನೇ ಶಾಸನವು ಬೆಳೆಗಾವಲಿನ ಸಹಜ ಆಯುಧವೆಂದು ಒಪ್ಪಿದ್ದು ಗಮನಾರ್ಹ.

ಪ್ರಾಣಿಯ ವಿಚಾರದಲ್ಲಿ ಕಾನೂನು ಪೂರ್ಣ ತಿರುವನ್ನೇ ಪಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಾಗ ಎರಡೂ ಬಗೆಯ ನರಿಗಳು ಕಾಗೆ, ಇಲಿಗಳ ಜೊತೆಗೆ ಐದನೆಯ ಅನುಸೂಚಿಯಲ್ಲಿ, ಅಂದರೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿದ್ದವು. ಅವುಗಳನ್ನು ಕೊಲ್ಲಲು ಅಡ್ಡಿ ಇರಲಿಲ್ಲ. ಮುಂದಿನ ಬದಲಾವಣೆಗಳಲ್ಲಿ ಅವು ರಕ್ಷಣೆಯ ಪಟ್ಟಿಗೆ ಏರಿದವು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಎರಡೂ ಒಂದನೆಯ ಅನುಸೂಚಿಗೆ, ಹುಲಿಯ ಸಾಲಿಗೆ ಸೇರಿದವು. ಹುಲಿಯನ್ನೇ ನರಿ ಎಂದು ಕರೆದ ಕೊಡವ ತಕ್ಕಿನ ಮಾತು ಕಾನೂನಿನ ಪುಟದಲ್ಲಿ ಬೇರೊಂದು ಬಗೆಯಲ್ಲಿ ನಿಜವಾಯಿತು. ಇಂದು ನರಿಗೆ ಯಾವ ಚರೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನು ಕೊಡುವ ಉತ್ತರ, ಯಾವುದೂ ಅಲ್ಲ ಎಂಬುದೇ.

ಇದು ಸರಿಯಾದ ಉತ್ತರವೇ. ಆದರೆ ಹೊಲದ ಅಂಚಿನ ಸಂಕಟ ಇದರಿಂದ ಮುಗಿದಿಲ್ಲ. ಚುನಾವಣೆ ಬಂದಾಗಲೆಲ್ಲ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅದು ಬೆಳೆಯ ಕಾಲವಾದರೆ ಕಾವಲಿಗೆ ಸದ್ದೂ ಇಲ್ಲ. ಹಳೆಯ ಕೋವಿಯ ಸದ್ದು ಅಡಗಿದ ಕಡೆಗಳಲ್ಲಿ ಉರುಳು, ವಿದ್ಯುತ್ ತಂತಿ, ಮಾಂಸದಲ್ಲಿ ಅಡಗಿಸಿದ ಸಿಡಿಮದ್ದು ಬಂದಿವೆ. ಹಂದಿಗೆಂದು ಇಟ್ಟದ್ದಕ್ಕೆ ನರಿ, ನಾಯಿ, ದನ, ಕೆಲವೊಮ್ಮೆ ಮನುಷ್ಯರೇ ಬಲಿಯಾಗುತ್ತಾರೆ. ಕೋವಿ ಹಿಡಿದವನಿಗೆ ಕನಿಷ್ಠಪಕ್ಷ ಎದುರಿನ ಪ್ರಾಣಿ ಯಾವುದೆಂದು ನೋಡುವ ಹೊಣೆ ಇತ್ತು. ತಂತಿಗೂ ಉರುಳಿಗೂ ಆ ಹೊಣೆ ಇಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬೆಳೆಗಾವಲಿನ ಕೋವಿಯ ಚರಿತ್ರೆಯು ಆಯುಧ ಹೆಚ್ಚು ಬಲವಾಗುತ್ತ ಬಂದ ಚರಿತ್ರೆ ಮಾತ್ರವಲ್ಲ, ಆಯ್ಕೆ ಕೈಬದಲಾದ ಚರಿತ್ರೆಯೂ ಹೌದು. ಕೇಪಿನ ಕೋವಿಯವನು ಪ್ರತಿ ಸಂಜೆ ತಾನೇ ತೀರ್ಮಾನಿಸುತ್ತಿದ್ದನು. ತೋಟಾಕೋವಿಯವನಿಗಾಗಿ ಕಾರ್ಖಾನೆ ತೀರ್ಮಾನಿಸಿತು. ಇಂದು ಕಾನೂನು ತೀರ್ಮಾನಿಸಿದೆ. ಈ ಮೂರು ಘಟ್ಟಗಳಲ್ಲಿ ಮೊದಲನೆಯದರ ತಿಳಿವಳಿಕೆ, ಅಂದರೆ ಓಡಿಸಲು ಎಷ್ಟು ಮದ್ದು, ಕೊಲ್ಲಲು ಯಾವ ಚರೆ, ಎಷ್ಟು ದೂರಕ್ಕೆ ಈಡು ಹೊಡೆಯದಿರಬೇಕು ಎಂಬುದು ಎಲ್ಲಿಯೂ ಬರೆದಿಟ್ಟದ್ದಲ್ಲ. ಅದು ಈಡು, ಬರಿಮದ್ದು, ಹಕ್ಕಿಚರೆ, ಗಜಕೋಲು ಮೊದಲಾದ ಮಾತುಗಳಲ್ಲಿ ಮತ್ತು ಆ ಮಾತುಗಳನ್ನು ಬಲ್ಲ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ.

ಈ ಪದಸಂಪತ್ತನ್ನು ಸೀಮೆವಾರು ಸಂಗ್ರಹಿಸುವ ಕೆಲಸ ತಡವಾಗದೆ ನಡೆಯಬೇಕಾಗಿದೆ. ಸಂಗ್ರಹದ ಉದ್ದೇಶ ಬೇಟೆಯನ್ನು ಮರಳಿ ತರುವುದಲ್ಲ. ಪ್ರಾಣಿಯನ್ನು ಕೊಲ್ಲದೆ ದೂರವಿಡುವ ವಿಧಾನಗಳನ್ನು ಇಂದು ಹೊಸದಾಗಿ ಹುಡುಕುತ್ತಿರುವವರಿಗೆ, ಬರಿಮದ್ದಿನ ಈಡನ್ನೇ ಕಾವಲೆಂದು ನಂಬಿದ ಒಂದು ಪರಂಪರೆ ಇಲ್ಲಿಯೇ ಇತ್ತೆಂದು ತಿಳಿಸುವುದು. ತೀರ್ಥಹಳ್ಳಿಯ ಆ ವಕ್ತೃ ತಮ್ಮ ಕೋವಿಯನ್ನು ಹಲವು ವರ್ಷಗಳ ಹಿಂದೆಯೇ ಠಾಣೆಗೆ ಒಪ್ಪಿಸಿ ಪರವಾನಗಿ ಬಿಟ್ಟುಕೊಟ್ಟಿದ್ದರು. ಗಜಕೋಲು ಮಾತ್ರ ಅಟ್ಟದ ಮೇಲೆ ಇತ್ತು. ಅದನ್ನು ಇಳಿಸಿ ತೋರಿಸುವಾಗ ಅವರು ಅಂಗೈಯನ್ನು ಗುಳಿ ಮಾಡಿ, ಬರಿಮದ್ದಿಗೆ ಎಷ್ಟು ಬೇಕೆಂದು ಅಳತೆ ತೋರಿಸಿದರು. ಆ ಅಳತೆ ಅವರ ಅಂಗೈಯಲ್ಲಿ ಹೊರತು ಇನ್ನೆಲ್ಲಿಯೂ ದಾಖಲಾಗಿರಲಿಲ್ಲ.